ಕಾಲು ತಾಗಿದರೆ ನಿಲ್ಲುವ ಈರಪ್ಪ

ಬೈಲಹೊಂಗಲದ ಅರಳೆ ಗಿರಣಿಯ ಹಿಂದಿನ ಬಯಲಿನಲ್ಲಿ ಆ ಸಂಜೆ ಇದ್ದವರು ಇಷ್ಟು ಮಂದಿ: ಮೈಗೆಲ್ಲ ಎರೆಮಣ್ಣು ಮೆತ್ತಿಕೊಂಡು ಕುಳಿತ ನಮ್ಮ ರಗ್ಬಿ ತಂಡದ ಹದಿನೈದು ಜನ, ಅವರೆದುರು ಸೀಟಿ ಹಿಡಿದು ನಿಂತ ನಿವೃತ್ತ ಸುಬೇದಾರ ಬಾಳಪ್ಪ, ಬಯಲಿನ ಮಾಲೀಕರಾದ ಗಿರಣಿ ಸಾವಕಾರರು, ಸಂಘದ ಕಾರ್ಯದರ್ಶಿಯಾದ ನಾನು, ಮತ್ತು ಗೋಲುಕಂಬಕ್ಕೆ ಮೈ ತಿಕ್ಕುತ್ತಿದ್ದ ಒಂದು ಎಮ್ಮೆ. ಹಂಗಾಮಿನ ಐದನೆಯ ಪಂದ್ಯವನ್ನೂ ನಾವು ಸೋತಿದ್ದೆವು. ಸಾವಕಾರರು ಆಟಗಾರರನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ಗುರುಗಳ, ನಿಮ್ಮ ಮಾರಿ ನೋಡಿ ಜಾಗಾ ಕೊಟ್ಟೇನಿ. ಕ್ರಿಕೆಟ್‌ನವರು ದಿನಾ ಬಂದು ನನ್ನ ಬಾಗಲಾ ಬಡ್ಯಾಕ ಹತ್ಯಾರ. ಇನ್ನೊಂದು ಆಟ ಉಳದೈತಿ ಅಲ್ಲ? ಅದನ್ನರೆ ಗೆಲ್ರಿ. ಇಲ್ಲಂದ್ರ ಬರೂ ವರ್ಷ ಬಯಲು ಅವರಿಗೆ,” ಎಂದು ಧೋತರದ ಚುಂಗು ಹಿಡಿದು ನಡೆದರು. ಎಮ್ಮೆಯೂ ಅವರದೇ, ಅದೂ ಹಿಂದೆ ಹೋಯಿತು.

ನನಗೆ ರಗ್ಬಿ ತಿಳಿಯದು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ಹೆಂಡತಿಯ ಅಡುಗೆಯಲ್ಲಿ ತಪ್ಪು ತಿದ್ದುತ್ತ ಕುಳಿತಿದ್ದೆ. ಬಾಳಪ್ಪ ಸೈನ್ಯದಲ್ಲಿ ಈ ಆಟ ಕಲಿತು ಬಂದವರು. ಗರಡಿಯಲ್ಲಿ ಸಾಮು ಮಾಡುತ್ತಿದ್ದವರನ್ನು, ಹೊಲದಿಂದ ಬರುತ್ತಿದ್ದವರನ್ನು ಹಿಡಿದು ತಂದು ತಂಡ ಕಟ್ಟಿದರು. “ಗುರುಗಳ, ಅರ್ಜಿ ಬರ್ಯಾಕ ಒಬ್ಬರು ಬೇಕಾಗ್ಯಾರ, ಬರ್ರಿ,” ಎಂದಾಗ ನನಗಿಂತ ಮೊದಲು ನನ್ನ ಹೆಂಡತಿ ಒಪ್ಪಿಕೊಂಡಳು. ಆಟದ ಸಾರಾಂಶ ಇಷ್ಟು: ತತ್ತಿಯ ಆಕಾರದ ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ಓಡಿ, ಎದುರಾಳಿಯ ಗೆರೆಯಾಚೆ ನೆಲಕ್ಕೆ ಒತ್ತಬೇಕು, ಒತ್ತಿದರೆ ಐದು ಅಂಕ. ಅವರು ಕಾಲು ಹಿಡಿದು ಕೆಡವುತ್ತಾರೆ. ಚೆಂಡನ್ನು ಜೊತೆಗಾರನಿಗೆ ಎಸೆಯಬಹುದು, ಆದರೆ ಹಿಂದಕ್ಕೆ ಮಾತ್ರ. ಮುಂದೆ ಹೋಗಬೇಕಾದರೆ ಹಿಂದಕ್ಕೇ ಸಾಗಿಸಬೇಕು ಎಂಬ ನಿಯಮ ಉಳಿದವರಿಗೆ ವಿಚಿತ್ರವೆನಿಸಿತು. ನನಗೆ ಅನಿಸಲಿಲ್ಲ, ನಾನು ಸರಕಾರಿ ನೌಕರಿಯಲ್ಲಿದ್ದವನು.

ನಮ್ಮಲ್ಲಿ ಓಡುವವನು ಒಬ್ಬನೇ, ಸಂಪಗಾಂವದ ಈರಪ್ಪ. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಮದುವೆಯಾಗಿ ಒಂದು ಕೂಸಿದೆ. ಅವನು ಚೆಂಡು ಹಿಡಿದು ಹೊರಟರೆ ಹಿಂದೆ ಧೂಳು ಮಾತ್ರ ಕಾಣುತ್ತದೆ. ಕಿತ್ತೂರಿನವರ ಮೇಲಿನ ಮೊದಲ ಪಂದ್ಯದಲ್ಲಿ ಅವನು ಹಾಗೆಯೇ ಹೊರಟ. ಇಬ್ಬರನ್ನು ತಪ್ಪಿಸಿದ, ಮೂರನೆಯವನು ಕಾಲಿಗೆ ಹಾರಿ ಗುರಿ ತಪ್ಪಿ ನೆಲಕ್ಕೆ ಬಿದ್ದ. ಈರಪ್ಪನ ಬೂಟು ಅವನ ಭುಜಕ್ಕೆ ತಾಗಿತು. ಗೆರೆ ಹತ್ತೇ ಹೆಜ್ಜೆ ದೂರ. ಈರಪ್ಪ ನಿಂತ. ಹಿಂದೆ ತಿರುಗಿ ಬಾಗಿ, ಬಿದ್ದವನ ಭುಜ ಮುಟ್ಟಿ, ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಬಿದ್ದವನೂ ನಮ್ಮ ಸೀಮೆಯವನೇ ತಾನೆ, ಮಲಗಿದಲ್ಲಿಂದಲೇ “ಇರ್ಲಿ ಬಿಡ್ರಿ” ಎಂದ. ಅಷ್ಟರಲ್ಲಿ ಕಿತ್ತೂರಿನ ನಾಲ್ವರು ಈರಪ್ಪನ ಮೇಲಿದ್ದರು.

ಎರಡನೆಯ ಪಂದ್ಯದ ಹೊತ್ತಿಗೆ ಸುದ್ದಿ ಸವದತ್ತಿ ಮುಟ್ಟಿತ್ತು. ಅವರು ಈರಪ್ಪನನ್ನು ಹಿಡಿಯುವ ಗೋಜಿಗೇ ಹೋಗಲಿಲ್ಲ. ಅವನು ಬರುವ ದಾರಿಯಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಎಡವಿದಂತೆ ಮಾಡಿ ಕೈಕಾಲು ಚಾಚಿ ಬಿದ್ದುಕೊಂಡರು. ಈರಪ್ಪ ಒಬ್ಬೊಬ್ಬರನ್ನೂ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತ ಬರುವಷ್ಟರಲ್ಲಿ ಪಂದ್ಯವೇ ಮುಗಿಯಿತು.

ಬಾಳಪ್ಪ ಸೀಟಿಯನ್ನು ನೆಲಕ್ಕೆ ಒಗೆದರು. “ಏ ಈರ್ಯಾ, ಇದೇನು ರಗ್ಬಿ ಆಡಾಕ ಬಂದೀಯೋ, ಗುಡಿಗೆ ಬಂದೀಯೋ? ಯಾರ ಕಲಿಸ್ಯಾರಲೇ ನಿನಗ ಇದನ್ನ?”

ಈರಪ್ಪ ಸಂಕೋಚದಿಂದ ನನ್ನ ಕಡೆ ನೋಡಿದ. “ಸರ ಕಲಿಸ್ಯಾರ್ರಿ. ನಾಕನೇ ಇಯತ್ತೆದಾಗ.”

ನಾಲ್ಕನೆಯ ತರಗತಿಯ ಆ ಸಂಗತಿ ನನಗೆ ನೆನಪೇ ಇರಲಿಲ್ಲ. ಅವನಿಗಿತ್ತು. ನೀರು ಕುಡಿಯಲು ಓಡುವಾಗ ಒಬ್ಬ ಹುಡುಗಿಯ ಕೈ ತುಳಿದಿದ್ದನಂತೆ. ನಾನು ಕಿವಿ ಹಿಡಿದು ನಿಲ್ಲಿಸಿ, ಅವಳ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಇಪ್ಪತ್ತು ಸಲ ಮಾಡಿಸಿದ್ದೆನಂತೆ. ನನಗೆ ಇದನ್ನು ಕಲಿಸಿದ್ದು ನಮ್ಮವ್ವ. ಮನುಷ್ಯರಿಗೆ, ಪುಸ್ತಕಕ್ಕೆ, ಮೊರಕ್ಕೆ, ಕಾಳಿಗೆ ಕಾಲು ತಾಗಿದರೆ ಅವಳೆದುರು ಒಂದು ಹೆಜ್ಜೆ ಮುಂದಿಡುವಂತಿರಲಿಲ್ಲ. “ತುಳದದ್ದು ನಿನ್ನ ಕಾಲಿಗೆ ಗೊತ್ತಾಗಂಗಿಲ್ಲೋ ತಮ್ಮಾ, ಬಗ್ಗಿದ್ರ ತಲಿಗೆ ಗೊತ್ತಾಗತೈತಿ,” ಎನ್ನುತ್ತಿದ್ದಳು. ಹಾಗಾಗಿ ನಮ್ಮ ತಂಡದ ಸೋಲುಗಳಿಗೆ ಕಾರಣ ಹುಡುಕುತ್ತ ಹೋದರೆ ದಾರಿ ನಮ್ಮ ಮನೆಯ ಪಡಸಾಲೆಗೇ ಬಂದು ಮುಟ್ಟುತ್ತಿತ್ತು.

ಚಟ ಬಿಡಿಸಲು ಬಾಳಪ್ಪ ಮಾಡದ ಉಪಾಯವಿಲ್ಲ. ಗಿರಣಿಯಿಂದ ಹತ್ತಿಕಾಳಿನ ಚೀಲಗಳನ್ನು ತಂದು ಸಾಲಾಗಿ ಮಲಗಿಸಿ, ತುಳಿದುಕೊಂಡು ಓಡು ಎಂದರು. ಈರಪ್ಪ ಚೀಲ ಚೀಲಕ್ಕೂ ನಿಂತು ಬಾಗಿದ. “ಚೀಲಕ್ಕ ಯಾಕಲೇ?” ಎಂದರೆ, “ಒಳಗ ಕಾಳ ಅದಾವಲ್ರಿ.” ಕೊನೆಗೆ ಬಾಳಪ್ಪ ನನ್ನನ್ನೇ ಮಲಗಲು ಹೇಳಿದರು. ಮಲಗಿದೆ. ಈರಪ್ಪ ಓಡಿಬಂದವನು ಎರಡು ಮಾರು ದೂರದಲ್ಲೇ ನಿಂತು, “ಸರ, ಎದ್ದೇಳ್ರಿ, ಥಂಡಿ ಹತ್ತೀತು,” ಎಂದ. ಹೀಗೆ ಐದು ಪಂದ್ಯ ಕಳೆದವು.

ಸಾವಕಾರರು ಎಮ್ಮೆಯೊಂದಿಗೆ ಹೋದ ಆ ಸಂಜೆ ನಾನು ಈರಪ್ಪನನ್ನು ಪಕ್ಕಕ್ಕೆ ಕರೆದೆ. “ಈರಪ್ಪಾ, ಕಲಿಸಿದಾಂವ ನಾನ, ಈಗ ಬ್ಯಾಡ ಅನ್ನಾಂವನೂ ನಾನ. ಆಟದಾಗ ಯಾರನ್ನ ತುಳದ್ರೂ ನಿಲ್ಲಬ್ಯಾಡ. ಪಾಪ ಹತ್ತಿದ್ರ ನನಗ ಹತ್ತಲಿ.”

ಅವನು ನನ್ನ ಮುಖ ನೋಡಿದ. “ಖರೇನ್ರಿ ಸರ?”

“ಖರೇ.”

ಕಲಿಸಲು ಇಪ್ಪತ್ತು ಸಲ ಬೇಕಾಗಿತ್ತು, ಅಳಿಸಲು ಒಂದೇ ಮಾತು ಸಾಕಾಯಿತು. ಅಂದು ಮನೆಗೆ ನಡೆಯುವಾಗ ಇದು ಹೊಳೆಯಿತು. ಆದರೆ ಬಯಲಿನ ಚಿಂತೆ ದೊಡ್ಡದಿತ್ತು, ಆದ್ದರಿಂದ ಹೊಳೆದದ್ದನ್ನು ಅಲ್ಲಿಗೇ ಬಿಟ್ಟೆ.

ಕೊನೆಯ ಪಂದ್ಯ ರಾಮದುರ್ಗದವರ ಮೇಲೆ, ನಮ್ಮ ಬಯಲಿನಲ್ಲೇ. ಸಾವಕಾರರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಆಟ ಮುಗಿಯಲು ಎರಡು ನಿಮಿಷ ಉಳಿದಾಗ ನಾವು ಮೂರು ಅಂಕ ಹಿಂದಿದ್ದೆವು. ಚೆಂಡು ಈರಪ್ಪನಿಗೆ ಸಿಕ್ಕಿತು. ರಾಮದುರ್ಗದ ಮಲ್ಲಪ್ಪ, ಅವರ ತಂಡದ ಎಲ್ಲರಿಗಿಂತ ದೊಡ್ಡ ಆಳು, ಅಡ್ಡ ಹಾರಿ ಬೋರಲಾಗಿ ಬಿದ್ದ. ಚಾಚಿದ್ದ ಅವನ ಅಂಗೈ ಮೇಲೆ ಈರಪ್ಪನ ಬೂಟು ಪೂರ್ತಿ ಬಿತ್ತು. ಮಲ್ಲಪ್ಪ “ಯವ್ವಾ!” ಎಂದದ್ದು ನನಗೂ ಕೇಳಿಸಿತು. ಈರಪ್ಪನ ಹೆಜ್ಜೆ ತಡವರಿಸಿತು. ಅವನು ಮಲ್ಲಪ್ಪನನ್ನು ನೋಡಲಿಲ್ಲ, ಗೆರೆಯ ಹೊರಗೆ ನಿಂತಿದ್ದ ನನ್ನನ್ನು ನೋಡಿದ. ನಾನು ಎರಡೂ ಕೈ ಬೀಸಿ, ತರಗತಿಯಲ್ಲಿ ಎಂದೂ ತೆಗೆಯದ ದನಿ ತೆಗೆದು, “ನಡೀಲೇ!” ಎಂದು ಕೂಗಿದೆ. ಅವನು ನಡೆದ. ಗೆದ್ದೆವು.

ಸಾವಕಾರರು ಎದ್ದು ನಿಂತು, “ಇರ್ಲಿ, ಆಡ್ಕೊಳ್ರಿ,” ಎಂದರು. ನನಗೊಂದು ಶಾಲು ಹೊದಿಸಿದರು. ಆಟವಾಡಿದವರಿಗೆ ಹೊದಿಸಲಿಲ್ಲ, ನಾನೂ ನೆನಪು ಮಾಡಲಿಲ್ಲ. ಬಂದ ತಂಡಕ್ಕೆ ಗಿರಮಿಟ್ಟು, ಮಿರ್ಚಿ ಭಜಿ ಕೊಟ್ಟು ಕಳಿಸುವುದು ನಮ್ಮ ರೂಢಿ. ಈರಪ್ಪ ಒಂದು ತಾಟು ಹಿಡಿದುಕೊಂಡು ಮಲ್ಲಪ್ಪನನ್ನು ಹುಡುಕುತ್ತಿದ್ದ. ಕೈಗೆ ಐಸ್ ಹಚ್ಚಿಸಿಕೊಂಡು ಅವನು ಮೊದಲೇ ಹೊರಟುಹೋಗಿದ್ದನಂತೆ. ಈರಪ್ಪ ತಾಟನ್ನು ಹಾಗೆಯೇ ತಂದು ನನ್ನ ಕೈಗಿಟ್ಟ. ಶಾಲು ಹೊದ್ದುಕೊಂಡೇ ತಿಂದೆ. ಭಜಿ ಆರಿಹೋಗಿತ್ತು.

ಮರುವಾರ ಬೆಳಿಗ್ಗೆ ಈರಪ್ಪ ನಮ್ಮ ಮನೆಯ ಮುಂದೆ ಬೈಕ್ ನಿಲ್ಲಿಸಿದ. “ಸರ, ರಾಮದುರ್ಗಕ್ಕ ಹೊಂಟೇನಿ. ನೀವೂ ಬರ್ರಿ.” ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಕುಳಿತೆ. ಸವದತ್ತಿ ದಾಟಿ ರಾಮದುರ್ಗ ಮುಟ್ಟಿದೆವು.

ಮಲ್ಲಪ್ಪನದು ಹಿಟ್ಟಿನ ಗಿರಣಿ. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಜೋಳ ಬೀಸುತ್ತಿದ್ದ. ನಮ್ಮನ್ನು ಕಂಡು ಯಂತ್ರ ನಿಲ್ಲಿಸಿದ.

“ಕೈ ಹೆಂಗೈತ್ರಿ ಅಣ್ಣಾರ?” ಎಂದ ಈರಪ್ಪ.

“ಕೈಗೇನ ಧಾಡಿ? ಇದಽ ಕೈಲೆ ಮುಂಜಾನಿಂದ ಎರಡು ಚೀಲ ಬೀಸೇನಿ. ಅದನ್ನ ಕೇಳಾಕ ಇಷ್ಟು ದೂರ ಬಂದ್ರೇನು?”

ಈರಪ್ಪ ಆ ಅಂಗೈಯನ್ನು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡ. ರೆಪ್ಪೆಗಳ ಮೇಲೆ ಬಿಳಿಯ ಹಿಟ್ಟು ನಿಂತಿತು. ಮಲ್ಲಪ್ಪ ಚೀಲವೊಂದನ್ನು ಪಕ್ಕಕ್ಕೆ ಸರಿಸಿ, “ಕುಂತ್ಗೋರಿ, ಚಾ ತರಸ್ತೇನಿ,” ಎಂದ.

ಚಹಾ ಕುಡಿದು ಎದ್ದೆ. ಇಡೀ ಸಂಗತಿಯನ್ನು ಬಾಳಪ್ಪನಿಗೆ ಹೇಗೆ ಬಣ್ಣಿಸಬೇಕು, ನನ್ನ ಶಿಷ್ಯ ಎಂಬ ಮಾತು ಎಲ್ಲಿ ಬರಬೇಕು ಎಂದು ಯೋಚಿಸುತ್ತ ಮಲ್ಲಪ್ಪನನ್ನು ದಾಟಿ ಬಾಗಿಲ ಕಡೆ ನಡೆದೆ. ಹೊಸ್ತಿಲಲ್ಲಿ ಹಿಂದಿನಿಂದ ಈರಪ್ಪ ಮೆಲ್ಲಗೆ, “ಸರ,” ಎಂದ.

ತಿರುಗಿ ನೋಡಿದೆ. ಅವನು ಕಣ್ಣಿನಲ್ಲೇ ಮಲ್ಲಪ್ಪನ ಪಾದ ತೋರಿಸಿದ. ಅದರ ಮೇಲಿನ ಹಿಟ್ಟಿನಲ್ಲಿ ನನ್ನ ಚಪ್ಪಲಿಯ ಗುರುತು ಮೂಡಿತ್ತು.

ಮಲ್ಲಪ್ಪ “ಇರ್ಲಿ ಬಿಡ್ರಿ” ಎನ್ನುತ್ತಿದ್ದ. ಮೊಣಕಾಲು ಎರಡೂ ಕಟಕ್ ಎಂದವು. ನಾನು ಬಾಗಿದೆ.