ಕದನ ವಿರಾಮ ಮತ್ತು ಇತರ ಮನೆಸುದ್ದಿಗಳು

ಮನೆಯಲ್ಲಿ ಒಂದು ಮಗು, ಒಬ್ಬ ಮುದುಕಿ, ಒಂದು ಟೀವಿ ಇದ್ದರೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೊರಗೆ ಹೋಗಬೇಕಾಗಿಲ್ಲ. ಅವು ತಾವಾಗಿಯೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ನಮ್ಮ ಮನೆಗಂತೂ ವಾರಕ್ಕೆ ಎರಡು ಸಲ ಬರುತ್ತವೆ.

ನನ್ನದು ಕೊಪ್ಪಳದಲ್ಲಿ ಪೈಪು, ನಳ, ಮೋಟರ್ ಸಾಮಾನಿನ ಅಂಗಡಿ. ಹೆಂಡತಿ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಸರಕಾರಿ ಸಾಲೆಯ ಟೀಚರು. ನಾವು ಹಲ್ಲುಜ್ಜುವ ಹೊತ್ತಿಗೆ ಅವಳು ಬಸ್ಸಿನಲ್ಲಿ ಕೂತಿರುತ್ತಾಳೆ. ಹಾಗಾಗಿ ಎರಡನೇ ತರಗತಿಯ ಮಗಳನ್ನು ಎಬ್ಬಿಸಿ, ತಯಾರು ಮಾಡಿ, ಸಾಲೆಗೆ ಬಿಟ್ಟು ಬರುವ ಕೆಲಸ ನನ್ನದು. ನನ್ನ ಅವ್ವ ಕಟ್ಟೆಯ ಮೇಲೆ ಕೂತು ಆ ಕೆಲಸದಲ್ಲಿ ತಪ್ಪು ಹುಡುಕುತ್ತಾಳೆ.

ಎರಡು ಜಡೆ

ಮಗಳ ಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಎರಡು ಜಡೆ ಕಡ್ಡಾಯ. ಅವ್ವನ ಬೆರಳಿಗೆ ಸಂದುನೋವು, ಹೆಣೆಯಲು ಆಗುವುದಿಲ್ಲ. ನಾನೇ ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಇಷ್ಟು ವರ್ಷ ಪೈಪಿಗೆ ಟೇಪು ಸುತ್ತಿದವನಿಗೆ ಕೂದಲು ಯಾವ ಲೆಕ್ಕ ಅನ್ನುವ ಧೈರ್ಯ. ಆದರೆ ಪೈಪು ಅಲುಗಾಡುವುದಿಲ್ಲ, 'ಹಾಯ್' ಅನ್ನುವುದಿಲ್ಲ, ನಡುವೆ ಬಗ್ಗಿ ಇರುವೆ ನೋಡುವುದಿಲ್ಲ.

ಮೊದಲ ದಿನ ಮಗಳನ್ನು ಹೊರಗೆ ಕರೆದುಕೊಂಡು ಬಂದಾಗ ಅವ್ವ ಎಲೆ ಜಗಿಯುವುದನ್ನು ನಿಲ್ಲಿಸಿದಳು.

"ಒಂದು ಜಡಿ ಗಂಗಾವತಿ ಕಡೆ ನೋಡ್ತೈತಿ, ಇನ್ನೊಂದು ಕುಷ್ಟಗಿ ಕಡೆ ನೋಡ್ತೈತಿ. ಹುಡುಗಿ ಎಲ್ಲಿಗೆ ಹೋಗಬೇಕಪಾ?"

ಬಾಜೂಮನೆಯಲ್ಲಿ ಓಣಿಯೆಲ್ಲ ಖಾಲಾ ಅಂತ ಕರೆಯುವ ಒಬ್ಬ ಹೆಂಗಸು ಇದ್ದಾರೆ, ಬ್ಲೌಸು ಹೊಲಿಯುತ್ತಾರೆ. ಅವರು ಮಷಿನ್ ಬಿಟ್ಟು ಎದ್ದು ಬಂದರು. "ಬಾ ಬೇಟಾ, ಎರಡು ಮಿನಿಟಿನ್ಯಾಗ ಹಾಕಿ ಕೊಡ್ತೀನಿ" ಅಂದರು. ಮಗಳು ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡು ಹಿಂದೆ ಸರಿದಳು. "ಬ್ಯಾಡ ಖಾಲಾ. ಪಪ್ಪಾಗ ಬೇಜಾರ ಆಗ್ತೈತಿ."

ಮರುದಿನದಿಂದ ಇನ್ನೂ ಮನಸ್ಸಿಟ್ಟು ಹಾಕತೊಡಗಿದೆ. ಸಂಜೆ ಕರೆತರಲು ಹೋದಾಗ ಬೆಳಿಗ್ಗೆ ಹಾಕಿದ್ದು ಹಾಗೇ ಇರುತ್ತಿತ್ತು. ಗಟ್ಟಿ ಹಾಕುತ್ತಿದ್ದೇನೆ ಅಂತ ಒಳಗೊಳಗೇ ಹೆಮ್ಮೆ.

ಒಂದು ದಿನ ಸಾಲೆಯ ಕಡೆ ಒಂದು ಮೋಟರ್ ಮುಟ್ಟಿಸುವುದಿತ್ತು, ಮಧ್ಯಾಹ್ನವೇ ಹೋದೆ. ಊಟದ ಬಿಡುವು. ಮಗಳು ಬೇವಿನ ಗಿಡದ ಕೆಳಗೆ ಓಡಾಡುತ್ತಿದ್ದಳು. ಎರಡೂ ಜಡೆ ಗೆರೆ ಹೊಡೆದ ಹಾಗೆ ನೆಟ್ಟಗಿದ್ದವು, ತುದಿಯಲ್ಲಿ ರಿಬ್ಬನ್ನು ಹೂವಿನ ಹಾಗೆ ಅರಳಿತ್ತು. ಕರೆದು ಕೇಳಿದೆ. ರಿಬ್ಬನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು.

"ನೀ ಬಿಟ್ಟು ಹೋದ ಮ್ಯಾಲ ಟೀಚರ್ ಬಿಚ್ಚಿ ಹಾಕ್ತಾರ, ಪಪ್ಪಾ."

"ಮತ್ತ ಸಂಜಿಗೆ ನಾ ಹಾಕಿದ್ದ ಇರ್ತಾವಲ್ಲ?"

"ಬೆಲ್ ಹೊಡಿಯೂಕಿಂತ ಮೊದ್ಲ ನಾನ ಕೆಡಿಸ್ಕೊಂತೀನಿ."

ಕದನ ವಿರಾಮ

ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ನನಗೆ ಟೀವಿಯಲ್ಲಿ ಸುದ್ದಿ ನೋಡುವ ಚಟ. ಆಗ ದೂರದ ಯಾವುದೋ ದೇಶಗಳಲ್ಲಿ ಯುದ್ಧ ನಡೆದಿತ್ತು. ಟೀವಿಯವರು ನಕಾಶೆ ಹಾಕಿ, ಬಾಣದ ಗುರುತು ಎಳೆದು, ಎಣ್ಣೆಯ ದರ ಏರುತ್ತದೋ ಇಳಿಯುತ್ತದೋ ಅಂತ ಜಗಳಾಡುತ್ತಿದ್ದರು. ಅವ್ವ ಮಾತ್ರ ಪರದೆಯ ಮೂಲೆಯಲ್ಲಿ ಕಂಡ ಮಕ್ಕಳನ್ನು ನೋಡಿ, "ಆ ಹುಡುಗರು ಉಂಡಾವೋ ಇಲ್ಲೋ" ಅಂದಳು. ಅಷ್ಟು ಮಂದಿ ಮಾತಾಡಿದರು, ಆ ಪ್ರಶ್ನೆಯನ್ನು ಒಬ್ಬರೂ ಕೇಳಲಿಲ್ಲ.

ಮಗಳು ಆ ಚರ್ಚೆಯಿಂದ ಕಲಿತದ್ದು ಒಂದೇ ಮಾತು: ಕದನ ವಿರಾಮ. ಓಣಿಯ ಹುಡುಗಿಯ ಜೊತೆ ಸೈಕಲ್ಲಿಗಾಗಿ ಜಗಳಾಡಿದ್ದವಳು ಮರುದಿನ ಬಂದು, "ನಾವಿಬ್ರೂ ಕದನ ವಿರಾಮ ಮಾಡೇವಿ" ಅಂದಳು. "ಎಲ್ಲಿ ತನ?" ಅಂತ ಕೇಳಿದೆ. "ಆಕಿ ಸೈಕಲ್ ಕೊಡೂ ತನ" ಅಂದಳು. ದೊಡ್ಡ ದೇಶಗಳದ್ದೂ ಹೆಚ್ಚು ಕಡಿಮೆ ಹಾಗೇ ಇದ್ದಂತೆ ಕಂಡಿತು.

ಅದೇ ವಾರ ನಮ್ಮ ಮನೆಯಲ್ಲೇ ಯುದ್ಧ ಶುರುವಾಯಿತು. ನಮ್ಮ ದೊಡ್ಡಪ್ಪನ ಮನೆಯವರನ್ನೆಲ್ಲ ಐತ್ವಾರ ಊಟಕ್ಕೆ ಬರ್ರಿ ಅಂತ ಕರೆದು, ಹೆಂಡತಿಗೆ ಹೇಳಲು ಮರೆತಿದ್ದೆ. ಅವರು ಅವಳಿಗೇ ಫೋನು ಮಾಡಿ, "ಶೇಂಗಾ ಹೋಳಿಗಿ ಮಾಡ್ತೀಯಂತಲ್ಲವ್ವ" ಅಂದಾಗ ಅವಳಿಗೆ ಗೊತ್ತಾಯಿತು. ಅಲ್ಲಿಂದ ಮಾತು ಬಂದ್.

"ನಿಮ್ಮ ಪಪ್ಪಾಗ ಹೇಳು, ಊಟಕ್ಕ ಬಡಿಸೇನಿ ಅಂತ."

"ನಿಮ್ಮ ಮಮ್ಮಿಗೆ ಹೇಳು, ಹಸಿವಿಲ್ಲ ಅಂತ."

"ಹಸಿವಿಲ್ಲಂದ್ರ ತಾಟು ಯಾಕ ಹಿಡಕೊಂಡು ಕುಂತಾರ, ಕೇಳು."

ಮಗಳು ಅಡುಗೆಮನೆಗೂ ಪಡಸಾಲೆಗೂ ಓಡಾಡಿ ಓಡಾಡಿ ಕೊನೆಗೆ ನಡುವಿನ ಹೊಸ್ತಿಲ ಮೇಲೆ ಕೂತುಬಿಟ್ಟಳು. "ನನ್ನ ಕಾಲು ನೋಯಾಕ ಹತ್ಯಾವು. ಇಬ್ರೂ ಕದನ ವಿರಾಮ ಮಾಡ್ರಿ."

ಒಳಗೆ ಸೌಟು ಕೆಳಗಿಟ್ಟ ಸದ್ದಾಯಿತು. ಆಮೇಲೆ ಹೆಂಡತಿ ನೇರ ನನಗೇ ಹೇಳಿದಳು, "ಹೋಳಿಗಿ ನಾ ಮಾಡ್ತೀನಿ. ಬಾಂಡೆ ಎಲ್ಲಾ ನಿಮ್ಮವು." ನಾನು ಒಪ್ಪಿದೆ.

ಐತ್ವಾರ ದೊಡ್ಡಪ್ಪನ ಮನೆಯವರು ಬೀಗರನ್ನೂ ಕರೆದುಕೊಂಡು ಬಂದರು. ಊಟವಾಗಿ ಎಲ್ಲರೂ ಎಲೆ ಅಡಿಕೆಗೆ ಕೂತಾಗ ನಾನು ಹಿತ್ತಲಲ್ಲಿ ಹೋಳಿಗೆಯ ಹಂಚು ತಿಕ್ಕುತ್ತಿದ್ದೆ. ಮಗಳು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, ಒಳಗೆ ಹೋಗಿ, ಬೀಗರ ಮುಂದೆಯೇ ಟೀವಿಯವರ ದನಿಯಲ್ಲಿ ತನ್ನ ಮಮ್ಮಿಗೆ ವರದಿ ಒಪ್ಪಿಸಿದಳು:

"ಗಡಿಯಲ್ಲಿ ಪರಿಸ್ಥಿತಿ ಶಾಂತವಾಗಿದೆ."

ಇಟಗಿಯಲ್ಲಿ ತೆಗೆಸಿದ ಫೋಟೋ

ಒಂದು ರಜೆಯ ದಿನ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಇಟಗಿಗೆ ಹೋದೆವು. ಅವ್ವ ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಮಹಾದೇವ ಗುಡಿಯ ಕಂಬಗಳ ನಡುವೆ ನಿಂತು ನಾನು ಚಾಲುಕ್ಯರ ಕಾಲ, ಕಲ್ಲಿನ ಕೆತ್ತನೆ ಅಂತೆಲ್ಲ ಮಗಳಿಗೆ ಹೇಳಿದೆ. ಅವಳು ಕಂಬ ಸವರಿ ನೋಡಿ ಕೇಳಿದಳು, "ಇದನ್ನ ಕಟ್ಟೂ ಮುಂದ ನೀ ಎಷ್ಟನೇ ಕ್ಲಾಸಿದ್ದಿ, ಪಪ್ಪಾ?"

ನಾಲ್ಕೂ ಮಂದಿ ಒಟ್ಟಿಗಿರುವ ಫೋಟೋ ನಮ್ಮಲ್ಲಿ ಇರಲೇ ಇಲ್ಲ. ಅಲ್ಲೇ ನೆರಳಿನಲ್ಲಿ ರುಮಾಲು ಸುತ್ತಿದ ಒಬ್ಬ ಹಿರಿಯರು ಕೂತಿದ್ದರು. "ಯಜಮಾನ್ರ, ಒಂದು ಫೋಟೋ ತೆಗೀತೀರೇನ್ರಿ? ಇಲ್ಲಿ ಒತ್ತಿದ್ರ ಆತು" ಅಂದೆ.

ಅವರು ಧೋತ್ರಕ್ಕೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡರು. ಎಂಥ ಶ್ರದ್ಧೆ ಅಂತೀರಿ. "ತಂಗಿ, ನೀ ಸ್ವಲ್ಪ ಈ ಕಡೆ. ಅವ್ವಾರು ನಡುವ ಬರಲಿ. ಕೂಸು, ನಾಲಗಿ ಒಳಗ." ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ಏನೂ ಕಾಣವಲ್ತು, ಆದ್ರೂ ನೀವು ನಗ್ರಿ" ಅಂದರು. ಅವ್ವ ಬಿಗಿಯಾಗಿ ನಿಂತಿದ್ದಳು. "ಹಿಂಗ ನಗ್ರಿ" ಅಂತ ತಾವೇ ನಕ್ಕು ತೋರಿಸಿ ಒತ್ತೇ ಒತ್ತಿದರು. ನಾವು ಅವರಿಗೆ ರೊಟ್ಟಿ ಕೊಟ್ಟು, ಕೈ ಮುಗಿದು ಬಂದೆವು.

ಮನೆಗೆ ಬಂದು ನೋಡಿದರೆ ಎಲ್ಲ ಫೋಟೋದಲ್ಲೂ ಅವರೇ. ಮುಂಚೆ ಮಗಳು ಮುಖ ಸೊಟ್ಟ ಮಾಡಿ ತನ್ನ ಫೋಟೋ ತಾನೇ ತೆಗೆದುಕೊಂಡಿದ್ದಳು, ಕ್ಯಾಮೆರಾ ತೆಗೆಯುವವರ ಕಡೆಗೇ ತಿರುಗಿ ಉಳಿದಿತ್ತು. ಒಂದರಲ್ಲಿ ಯಜಮಾನರ ಹುಬ್ಬು, ಒಂದರಲ್ಲಿ ಬರೀ ರುಮಾಲು, ಕೊನೆಯದರಲ್ಲಿ ಬಾಯಿ ತುಂಬ ನಗು.

ಅವ್ವನ ಹೊಸ ಸೀರೆ ಬರಲಿಲ್ಲವಲ್ಲ ಅಂತ ಹೆಂಡತಿಗೆ ಕಣ್ಣಲ್ಲಿ ನೀರು. ನಾನು ಅಳಿಸಲು ಹೋದೆ. ಅವ್ವ ಫೋನು ಕಸಿದುಕೊಂಡು ಬಹಳ ಹೊತ್ತು ನೋಡಿದಳು. "ತೆಗಿಬ್ಯಾಡ. ನಮಗ ಅಂತ ಎಷ್ಟು ಛಲೋ ನಕ್ಕಾರ, ಪಾಪ" ಅಂದಳು.

ಆ ಫೋಟೋ ಈಗ ಪಡಸಾಲೆಯ ಗೋಡೆಯ ಮೇಲಿದೆ. ಮನೆಗೆ ಬಂದವರು ಯಾರಿವರು ಅಂತ ಕೇಳಿದರೆ ಅವ್ವ ಹೇಳುತ್ತಾಳೆ, "ಅದು ನಾವ. ಇಟಗಿಗೆ ಹೋದಾಗ ತೆಗಿಸಿದ್ದು."

ಅಜ್ಜನ ಗದ್ದೆಗೆ ನೀರು

ಒಂದು ಮಳೆಗಾಲ ಡ್ಯಾಮಿನ ಗೇಟೊಂದು ಕೊಚ್ಚಿಕೊಂಡು ಹೋದ ಸುದ್ದಿ ಬಂತು. ಆ ದಿನಗಳಲ್ಲಿ ಅಂಗಡಿಗೆ ಬಂದವರು ನಳದ ಮಾತಾಡಲಿಲ್ಲ, ಪೈಪಿನ ಮಾತಾಡಲಿಲ್ಲ. ಎಲ್ಲರ ಬಾಯಲ್ಲೂ ಅದೇ. ತುಂಬಿದ ನೀರನ್ನು ನದಿಗೆ ಬಿಟ್ಟು ಖಾಲಿ ಮಾಡಿದರೇ ಗೇಟು ಕೂರಿಸುವುದಕ್ಕೆ ಸಾಧ್ಯ ಅಂತ ಟೀವಿಯಲ್ಲಿ ಹೇಳುತ್ತಿದ್ದರು. ನನ್ನ ಮಾವನವರದು ಗಂಗಾವತಿ ಹತ್ತಿರ ಮರಳಿಯಲ್ಲಿ ಆ ಡ್ಯಾಮಿನ ಕಾಲುವೆಯನ್ನೇ ನಂಬಿದ ಭತ್ತದ ಗದ್ದೆ. ಆಗತಾನೇ ನಾಟಿ ಮಾಡಿಸಿದ್ದರು. ಹೆಂಡತಿ ಫೋನು ಮಾಡಿ, "ಹೆಂಗಪ್ಪಾ?" ಅಂದಾಗ ಅವರು, "ನೋಡೂಣು" ಅಂತಷ್ಟೇ ಅಂದರು. ಸದಾ ಮಾತಾಡುವ ಮನುಷ್ಯ ಅವರು. ಆ ಒಂದೇ ಮಾತು ಕೇಳಿ ಹೆಂಡತಿ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳು ಅದನ್ನು ನೋಡಿದ್ದಳು.

ಮರುದಿನ ಸಂಜೆ ನಾನು ಮನೆಗೆ ಬಂದರೆ ಕಾಲಿಡಲು ಜಾಗವಿಲ್ಲ. ಕೊಡ, ಬಕೀಟು, ಬೋಗಾಣಿ, ತಂಬಿಗೆ, ಟಿಫಿನ್ ಡಬ್ಬಿ ಎಲ್ಲದರಲ್ಲೂ ನೀರು. ಗೋಡೆಗೆ ಒರಗಿಸಿದ ನನ್ನ ಹೆಲ್ಮೆಟ್ಟಿನಲ್ಲೂ ನೀರು. ಅವ್ವ ತನ್ನ ಎಲೆ ಅಡಿಕೆ ಡಬ್ಬಿಯನ್ನು ಎರಡೂ ಕೈಯಲ್ಲಿ ತುಳುಕದಂತೆ ಹಿಡಿದುಕೊಂಡು ಕೂತಿದ್ದಳು.

"ಏನವ್ವ ಇದು?" ಅಂತ ಮಗಳನ್ನು ಕೇಳಿದೆ.

"ಡ್ಯಾಮಿನ್ಯಾಗ ನೀರು ಖಾಲಿ ಆಗಾಕ ಹತ್ತೈತಿ. ಅಜ್ಜನ ಗದ್ದಿಗೆ ಬೇಕಲ್ಲ, ಪಪ್ಪಾ."

ಐತ್ವಾರ ಮರಳಿಗೆ ಹೋದೆವು. ಅಷ್ಟೂ ಪಾತ್ರೆ ಬಸ್ಸಿನಲ್ಲಿ ಹತ್ತಿಸುವುದಿಲ್ಲ ಅಂತ ಒಪ್ಪಿಸಿದ ಮೇಲೆ ಅವಳು ತನ್ನ ಸಾಲೆಯ ಬಾಟಲಿಯಲ್ಲಿ ತುಂಬಿಕೊಂಡು ಬಂದಿದ್ದಳು. ಮಾವನವರು ನಗಲಿಲ್ಲ. ಮೊಮ್ಮಗಳ ಕೈ ಹಿಡಿದು ಬದುವಿನ ಮೇಲೆ ನಡೆಸಿಕೊಂಡು ಹೋಗಿ, ಒಂದು ಮೂಲೆಯಲ್ಲಿ ಇಬ್ಬರೂ ಸೇರಿ ನೀರು ಸುರಿದರು. "ಈ ಮೂಲಿ ಚಿಂತಿ ಹೋತು ನೋಡು. ಇನ್ನ ಉಳಿದಿದ್ದು ಡ್ಯಾಮಿನವರು ನೋಡ್ಕೊಳ್ಳಲಿ" ಅಂದರು. ಅಷ್ಟು ದಿನಗಳಲ್ಲಿ ಅವರ ಮುಖ ಸಡಿಲವಾದದ್ದು ಆಗಲೇ ಅಂತ ಅತ್ತೆ ಆಮೇಲೆ ಹೇಳಿದರು.

ದೇವರು ದೊಡ್ಡವನು. ಹರಿಯುವ ನೀರಿನಲ್ಲೇ ಗೇಟು ಕೂರಿಸಿದರು, ಮೇಲೆ ಮಳೆಯಾಯಿತು, ಕಾಲುವೆಗೆ ನೀರು ಬರುವುದು ನಿಲ್ಲಲಿಲ್ಲ. ಸುಗ್ಗಿಯಾದ ಮೇಲೆ ಮಾವನವರು ಒಂದು ಸಣ್ಣ ಚೀಲ ಬೇರೆಯಾಗಿ ಕಟ್ಟಿ ಕಳಿಸಿದರು. "ಇದು ಆಕಿ ಮೂಲಿಯಾಗ ಬೆಳದ ಭತ್ತದ ಅಕ್ಕಿ, ಆಕಿಗೇ ಕೊಡ್ರಿ" ಅಂತ ಹೇಳಿ ಕಳಿಸಿದ್ದರು. ಅಂದು ರಾತ್ರಿಯ ಊಟಕ್ಕೆ ಅದೇ ಅನ್ನ. ಹೆಂಡತಿ ಸಂಭ್ರಮದಲ್ಲಿ ಮಾತಾಡುತ್ತ ಬೇಯಿಸಿ ಅನ್ನ ಮುದ್ದೆಯಾಗಿತ್ತು. ಅವ್ವ ತುತ್ತು ಹಿಸುಕಿ ನೋಡಿ, "ನೀರು ಭಾಳ ಆಗೇತಿ" ಅಂದಳು.

ಮಗಳ ಮುಖ ಸಣ್ಣದಾಯಿತು. "ನಾ ಹಾಕಿದ್ದು ಒಂದ ಬಾಟ್ಲಿ."

ಕಾರಟಗಿಯ ಮದುವೆ

ಕಾರಟಗಿಯಲ್ಲಿ ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆ. ಮಂಟಪದ ತುಂಬ ಜನ, ಒಂದು ಕಡೆ ಹಾಡಿನವರ ಗದ್ದಲ. ಹೆಂಡತಿ ಮದುಮಗಳ ಹತ್ತಿರ ಹೋಗುವಾಗ ಮಗಳನ್ನು ನನಗೆ ಒಪ್ಪಿಸಿದಳು. ಊಟದ ಕೋಣೆಯ ಬಾಗಿಲಲ್ಲಿ ನನ್ನ ಗಿರಾಕಿಯೊಬ್ಬರು ಸಿಕ್ಕರು. "ನಮ್ಮ ಬೋರಿಗೆ ಎಂಥಾ ಮೋಟರ್ ಬಿಡೂಣ್ರಿ?" ಅಂದರು. ನಾನು ಫೋನು ತೆಗೆದು ಒಂದು ಮೋಟರ್ ತೋರಿಸಿದೆ. ತಿರುಗಿ ನೋಡಿದರೆ ಮಗಳಿಲ್ಲ.

ಊಟದ ಸಾಲುಗಳಲ್ಲಿ ನೋಡಿದೆ. ಅಡುಗೆಯವರ ಕಡೆ ನೋಡಿದೆ, ಅಲ್ಲಿ ದೊಡ್ಡ ದೊಡ್ಡ ಒಲೆ, ಕುದಿಯುವ ಸಾರು. ಹೊರಗೆ ಗೇಟಿಗೆ ಓಡಿದೆ. ರಸ್ತೆಯಲ್ಲಿ ಮಿಲ್ಲಿಗೆ ಹೋಗುವ ಭತ್ತದ ಲಾರಿಗಳು ಒಂದರ ಹಿಂದೆ ಒಂದು. ಕಾವಲುಗಾರನಿಗೆ ಕೇಳಲು ಬಾಯಿ ತೆರೆದರೆ ಮಗಳ ಹೆಸರೇ ಹೊರಡಲಿಲ್ಲ. ಹೆಂಡತಿಗೆ ಏನಂತ ಹೇಳಲಿ ಅಂತ ನಿಂತಾಗ ಒಳಗೆ ಹಾಡು ನಿಂತಿತು. ಮೈಕಿನಲ್ಲಿ ಒಂದು ಸಣ್ಣ ದನಿ ಕೇಳಿತು.

"ಎಲ್ಲರಿಗೂ ನಮಸ್ಕಾರ. ನಮ್ಮ ಪಪ್ಪ ಕಳದು ಹೋಗ್ಯಾರ."

ನಾನು ಒಳಗೆ ಓಡಿದೆ.

"ನೀಲಿ ಅಂಗಿ ಹಾಕ್ಯಾರ. ಹೊಟ್ಟಿ ಐತಿ. ತಲಿ ಮ್ಯಾಲ ಸ್ವಲ್ಪ ಕೂದಲ ಅದಾವು, ನಡುವ ಇಲ್ಲ. ಫೋನ್ ನೋಡ್ಕೊಂತ ಹೊಂಟಿರ್ತಾರ. ಯಾರಿಗರ ಸಿಕ್ರ ಸ್ಟೇಜಿಗೆ ಕರ್ಕೊಂಡು ಬರ್ರಿ. ಬೈಬ್ಯಾಡ್ರಿ, ಅಂಜಿರ್ತಾರ."

ಜನರನ್ನು ಸರಿಸಿಕೊಂಡು ಸ್ಟೇಜಿನ ಮುಂದೆ ಮುಟ್ಟಿದರೆ ಅಲ್ಲಿ ಆಗಲೇ ಮೂರು ಮಂದಿ ನಿಂತಿದ್ದರು. ಮೂವರದೂ ನೀಲಿ ಅಂಗಿ, ಮೂವರಿಗೂ ಹೊಟ್ಟೆ, ಮೂವರ ಕೈಯಲ್ಲೂ ಫೋನು. ಪಕ್ಕದವರು ಸಂಕೋಚದಿಂದ ನನಗೆ ಹೇಳಿದರು, "ನನಗ ಹೆಣ್ಣುಮಕ್ಕಳ ಇಲ್ಲರಿ. ಮನಿಯಾಕಿ ದಬ್ಬಿ ಕಳಿಸ್ಯಾಳ. ನಿಮ್ಮನ್ನ ಕರ್ಯಾಕ ಹತ್ಯಾರ ಹೋಗ್ರಿ ಅಂದ್ಲು."

ಹಾಡುವವನು ಮೈಕು ಮಗಳ ಬಾಯಿಯ ಹತ್ತಿರವೇ ಹಿಡಿದಿದ್ದ. "ಇವರಾಗ ನಿಮ್ಮ ಪಪ್ಪ ಯಾರವ್ವ?" ಅಂತ ಕೇಳಿದ.

ಮಗಳು ಒಂದು ತುದಿಯಿಂದ ನೋಡುತ್ತ ಬಂದಳು. ಅವಸರವಿಲ್ಲ, ಗಾಬರಿಯಿಲ್ಲ. ನನ್ನ ಹತ್ತಿರ ಬಂದು ಬೆರಳು ನಿಲ್ಲಿಸಿದಳು.

"ಇವ್ರು."

"ನಾಲ್ಕೂ ಮಂದಿ ಒಂದ ನಮೂನಿ ಅದಾರಲ್ಲವ್ವ. ಗುರ್ತು ಹೆಂಗ ಹಿಡದಿ?"

ಮಂಟಪಕ್ಕೆಲ್ಲ ಕೇಳುವಂತೆ ಮಗಳು ಹೇಳಿದಳು, "ಇವ್ರೊಬ್ರ ಅಳಾಕ ಹತ್ಯಾರ ನೋಡ್ರಿ."