ಅರ್ಧ ಮಿಲ್ಲೀಮಿನ ದಾರಿಖರ್ಚು

ನಾಣ್ಯದ ಬೆಲೆ ಹನ್ನೊಂದು ಯೂರೊ, ಅದನ್ನು ಕಳಿಸಿಕೊಡುವ ಬಾಡಿಗೆ ಮೂವತ್ತಾರು. ಈ ಲೆಕ್ಕ ಕಂಡ ದಿನ ಸಿದ್ಕಿಗೆ ಊಟ ಸೇರಲಿಲ್ಲ. ಅಲೆಕ್ಸಾಂಡ್ರಿಯದ ನೀರು ಸರಬರಾಜು ಕಚೇರಿಯಲ್ಲಿ ಮೂರು ದಶಕ ಊರವರಿಗೆಲ್ಲ ಬಿಲ್ಲು ಬರೆದು ನಿವೃತ್ತನಾದ ಮನುಷ್ಯ. ತನ್ನ ಹೆಸರಿಗೇ ಬಿಲ್ಲು ಬಂದರೆ ಮೈ ಉರಿಯುತ್ತಿತ್ತು. ಆದರೆ ರಾಜರ ಕಾಲದ ಕಂಚಿನ ನಾಣ್ಯಗಳ ಅವನ ಆಲ್ಬಮ್ಮಿನಲ್ಲಿ ಖಾಲಿ ಉಳಿದದ್ದು ಒಂದೇ ಜಾಗ, ಅರ್ಧ ಮಿಲ್ಲೀಮಿನದು. ಎರಡು ಸಾವಿರ ಕೂಡಿದರೆ ಒಂದು ಪೌಂಡ್ ಆಗುವಷ್ಟು ಘನವಾದ ನಾಣ್ಯ! ಯಾವನೋ ನಾವಿಕನ ಜೇಬಿನಲ್ಲಿ ಇದೇ ಬಂದರಿನಿಂದ ಪುಕ್ಕಟೆ ಹೊರಟಿರಬೇಕು. ಈಗ ಜರ್ಮನಿಯ ವ್ಯಾಪಾರಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತು, ಊರಿಗೆ ಮರಳಲು ಮುನಿಸಿಕೊಂಡ ಅಳಿಯನಂತೆ ದಾರಿಖರ್ಚು ಕೇಳುತ್ತಿತ್ತು.

ಸಾದಾ ಅಂಚೆಯಲ್ಲಿ ಕಳಿಸಿ ಎಂದು ಸಿದ್ಕಿ ಬರೆದ. ಕಳೆದುಹೋದರೆ ಹೊಣೆ ನಮ್ಮದಲ್ಲ, ಕೊರಿಯರ್ ಆದರೆ ಮನೆಬಾಗಿಲಿಗೇ ತಲುಪಿಸುತ್ತಾರೆ ಎಂದು ಉತ್ತರ ಬಂತು. ‘ಮನೆಬಾಗಿಲು’ ಎಂಬ ಒಂದು ಮಾತಿಗೆ ಅವನು ಸೋತು ಹಣ ಕಟ್ಟಿದ. ಹೆಂಡತಿ ಅವಾತಿಫಳಿಗೆ, ಸಾಗಣೆ ಉಚಿತ ಎಂದ.

ಆ ಮಾತಿಗೆ ಸೋಲಲು ಕಾರಣವಿತ್ತು. ಅವನ ಮನೆ ಐದನೆಯ ಮಹಡಿಯಲ್ಲಿ. ಲಿಫ್ಟು ಕೆಟ್ಟು ಏಳು ತಿಂಗಳು. ದುರಸ್ತಿಗೆ ಚಂದಾ ಎತ್ತುತ್ತಿದ್ದವರು ಎರಡನೆಯ ಮಹಡಿಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಅಬ್ಲಾ ಫಿಕ್ರಿಯ. ಎಲ್ಲರೂ ಕೊಟ್ಟರು. ಸಿದ್ಕಿ ಮಾತ್ರ, ಮೆಟ್ಟಿಲು ಹತ್ತುವುದು ಹೃದಯಕ್ಕೆ ಒಳ್ಳೆಯದು ಎಂದ. (ಹೃದಯ ಅವನದು, ಹತ್ತುತ್ತಿದ್ದವಳು ಅವಾತಿಫ್.) ಅಂದಿನಿಂದ ಅಬ್ಲಾ ತಮ್ಮ ಬಾಗಿಲನ್ನು ಮೆಟ್ಟಿಲ ಕಡೆಗೆ ತೆರೆದೇ ಇಟ್ಟರು. ಅವರ ಕಣ್ಣಿಗೆ ಬೀಳಬೇಕಾದೀತೆಂದು ಸಿದ್ಕಿ ಎದುರಿನ ಕಾಫಿ ಅಂಗಡಿಗೆ ಹೋಗುವುದನ್ನೂ ಬಿಟ್ಟ.

ಒಂದು ಮಧ್ಯಾಹ್ನ ಬೀದಿಯಲ್ಲಿ ಮೋಟಾರ್ ಸೈಕಲ್ ನಿಂತಿತು. ದಪ್ಪ ಮೀಸೆಯ ಕೊರಿಯರಿನವನು ಕತ್ತೆತ್ತಿ ಕೂಗಿದ.

“ಸಿದ್ಕಿ ಅವ್ರೇ! ಜರ್ಮನಿ ಪಾರ್ಸಲ್!”

ಸಿದ್ಕಿ ಬಾಲ್ಕನಿಗೆ ಓಡಿದ. “ಮೇಲೆ ತನ್ನಿ!”

“ಲಿಫ್ಟ್ ಕೆಟ್ಟಿದೆಯಂತಲ್ಲ ಹಾಜ್!”

“ಮನೆಬಾಗಿಲಿಗೆ ಅಂತ ದುಡ್ಡು ಕಟ್ಟಿದ್ದೀನಪ್ಪಾ!”

“ಬಾಗಿಲ ಮುಂದೆನೇ ನಿಂತಿದ್ದೀನಲ್ಲ! ಸುಂಕ ಗಿಂಕ ಎಲ್ಲ ಸೇರಿ ಒಂಬೈನೂರು ಪೌಂಡ್ ಕೊಟ್ಟು ತಗೊಂಡ್ಹೋಗಿ!”

ಕಾಫಿ ಅಂಗಡಿಯಲ್ಲಿ ಪಗಡೆ ಆಡುತ್ತಿದ್ದವರ ಕೈ ನಿಂತಿತು. ಅಡುಗೆಮನೆಯಿಂದ ಅವಾತಿಫ್ ಬಂದಳು.

“ಯಾವ ಒಂಬೈನೂರು?”

“ಅದು... ಸರ್ಕಾರದ್ದು.”

“ಸಾಗಣೆ ಉಚಿತ ಅಂದಿದ್ರಿ.”

“ಸಮುದ್ರದ ತನಕ ಉಚಿತ. ಆಮೇಲೆ ನೆಲ ಬರುತ್ತಲ್ಲ.”

“ಅರ್ಧ ಮಿಲ್ಲೀಮಿಗೆ ಒಂಬೈನೂರು! ಏಳು ತಿಂಗಳಿಂದ ಟೊಮೇಟೊ, ಎಣ್ಣೆ, ಹಿಟ್ಟು ಎಲ್ಲಾ ನಾನು ಹೊತ್ತು ಹತ್ತಿಸಿದ್ದೀನಲ್ಲ, ನನ್ನ ಬಾಡಿಗೆ ಎಷ್ಟಾಯ್ತು ಮನುಷ್ಯಾ?”

ಸಿದ್ಕಿ ಬಾಲ್ಕನಿಯ ಬುಟ್ಟಿಯ ಹಗ್ಗಕ್ಕೆ ಕೈ ಹಾಕಿದ. ಮೆಟ್ಟಿಲಿಳಿದರೆ ಅಬ್ಲಾ ಇದ್ದಾರೆ. ಬಾಲ್ಕನಿಯಿಂದ ಬುಟ್ಟಿ ಇಳಿಸಿ ರೊಟ್ಟಿ ತರಿಸಿಕೊಳ್ಳುವವರು ನಾಣ್ಯ ತರಿಸಿಕೊಳ್ಳಬಾರದೆ? ಮನೆಯಲ್ಲಿ ತನ್ನದೆಂದು ಉಳಿದಿದ್ದ ಒಂಬೈನೂರನ್ನು ಬುಟ್ಟಿಯಲ್ಲಿಟ್ಟು, ಗಾಳಿಗೆ ಹಾರದಂತೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ರಾಜತಾಂತ್ರಿಕ ಗಾಂಭೀರ್ಯದಿಂದ ಇಳಿಬಿಟ್ಟ. ಬುಟ್ಟಿ ನಾಲ್ಕನೆಯ ಮಹಡಿ ದಾಟಿತು. ಮೂರನೆಯದನ್ನೂ ದಾಟಿತು. ಎರಡನೆಯದರ ಬಳಿ ಹಗ್ಗ ಸಡಿಲವಾಯಿತು.

ಸಿದ್ಕಿ ಬಗ್ಗಿ ನೋಡಿದ. ಸೊಪ್ಪು ಬಿಡಿಸಿ ಹಸಿರಾದ ಒಂದು ಕೈ ಬುಟ್ಟಿಯ ಅಂಚು ಹಿಡಿದಿತ್ತು.

“ಉಸ್ತಾದ್ ಸಿದ್ಕಿಯವರ ಬುಟ್ಟಿ ಅಲ್ವಾ ಇದು?” ಅಬ್ಲಾ ಫಿಕ್ರಿಯರ ದನಿ ತರಗತಿಯ ಕೊನೆಯ ಬೆಂಚಿಗೂ ಕೇಳುವಂಥದು. “ಅಂತೂ ಕೆಳಗಿಳಿದ್ರಿ!”

“ಅಬ್ಲಾ, ಅದು ಕೊರಿಯರಿನವನ ದುಡ್ಡು!”

“ಗೊತ್ತು, ಬೀದಿಗೆಲ್ಲ ಗೊತ್ತು. ಲಿಫ್ಟಿಗೆ ನಿಮ್ಮ ಪಾಲು ಎಂಟುನೂರು ತಗೊಂಡಿದ್ದೀನಿ. ಮಿಕ್ಕ ನೂರು ಹೋಗ್ತಾ ಇದೆ ನೋಡಿ, ಹುಷಾರಾಗಿ ಇಳಿಸಿ.”

ಕೊರಿಯರಿನವನು ಬುಟ್ಟಿಯೊಳಗೆ ಇಣುಕಿದ. “ಇನ್ನೂ ಎಂಟುನೂರು, ಹಾಜ್!”

ಸಿದ್ಕಿ ಹೆಂಡತಿಯತ್ತ ತಿರುಗಿದ. ದನಿ ಮೆತ್ತಗಾಗಿತ್ತು. “ಅವಾತಿಫ್, ನಿನ್ನ ಬೀರುವಿನಲ್ಲಿ ಇರುತ್ತಲ್ಲ...”

“ಇದೆ. ಆದ್ರೆ ಬೀರುವಿಂದ ಇಲ್ಲಿಗೆ ತರೋಕೆ ಬಾಡಿಗೆ ಆಗುತ್ತೆ.”

“ಎಷ್ಟು?”

“ಏಳು ತಿಂಗಳದ್ದು.”

ಮೋಟಾರ್ ಸೈಕಲ್ ಗುರ್ ಎಂದಿತು. ಕೊರಿಯರಿನವನು ನೂರು ಪೌಂಡ್ ಹಾಗೇ ಬುಟ್ಟಿಯಲ್ಲಿ ಬಿಟ್ಟು, “ವಾಪಸ್ ಕಳಿಸ್ತೀವಿ, ಆ ಖರ್ಚೂ ನಿಮ್ಮದೇ!” ಎಂದು ಕೂಗುತ್ತ ಹೊರಟ. ಅರ್ಧ ಮಿಲ್ಲೀಮು ತಿರುವಿನಲ್ಲಿ ಮರೆಯಾಯಿತು.

ಜರ್ಮನಿಯಿಂದ ಸಂದೇಶ ಬಂದಾಗ ಸಿದ್ಕಿ ಎರಡೂ ಕೈಯಲ್ಲಿ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. (ಅವಾತಿಫ್ ಸಾಗಣೆ ಸೇವೆ ನಿಲ್ಲಿಸಿದ್ದಳು.) ಎರಡನೆಯ ಮಹಡಿಯಲ್ಲಿ ಚೀಲ ಇಳಿಸಿ ಓದಿದ. ನಾಣ್ಯ ಕ್ಷೇಮವಾಗಿ ಮರಳಿದೆ, ತಮ್ಮ ಸಹಕಾರಕ್ಕೆ ವಂದನೆಗಳು. ತಾವು ಕಟ್ಟಿದ ನಲವತ್ತೇಳು ಯೂರೊದಲ್ಲಿ ಹೋಗಿ ಬಂದ ಸಾಗಣೆ ವೆಚ್ಚವನ್ನು ಕಳೆದರೆ ತಾವೇ ನಮಗೆ ಇಪ್ಪತ್ತೈದು ಯೂರೊ ಕೊಡತಕ್ಕದ್ದು.

ತೆರೆದ ಬಾಗಿಲಿನಿಂದ ಅಬ್ಲಾ ಹೊರಬಂದರು, ಕೈಯಲ್ಲಿ ರಸೀದಿ ಪುಸ್ತಕ.

“ಒಳ್ಳೇ ಹೊತ್ತಿಗೆ ಸಿಕ್ಕಿದ್ರಿ ಉಸ್ತಾದ್. ಲಿಫ್ಟಿನ ಯಂತ್ರಕ್ಕೆ ಒಂದು ಚಕ್ರ ಇಟಲಿಯಿಂದ ಬರಬೇಕಂತೆ. ಗಾಬರಿಯಾಗಬೇಡಿ, ಚಕ್ರದ ದುಡ್ಡು ಎಲ್ಲ ಕೂಡಿದೆ. ಇದು ಬರೀ ಕಳಿಸೋ ಖರ್ಚು.”