ಮರಳುಗಲ್ಲಿನ ಬಾಗಿಲುವಾಡ ಮತ್ತು ಮೋಮಿನಪುರದ ಉಸ್ತಾದರು

ಹಳೇ ಕಟ್ಟಡ ದುರಸ್ತಿ ಮಾಡುವವರು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅಳಬೇಕಾದ ಜಾಗದಲ್ಲೇ ಅದು ಮೊದಲು ಬಂದು ಕೂತಿರುತ್ತದೆ. ನಾನು ಎಂಜಿನಿಯರ್. ಕಲಬುರಗಿಯಿಂದ ದಿನಾ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿ, ಅಲ್ಲಿನ ಒಂದು ಹಳೆಯ ಶಿವನ ಗುಡಿಯ ಬಾಗಿಲುವಾಡ ಸರಿಪಡಿಸುವ ಕೆಲಸ ನೋಡಿಕೊಳ್ಳುತ್ತಿದ್ದೆ. ಗುಡಿಯೆಲ್ಲ ನಮ್ಮ ಕಡೆಯ ಕರಿಕಲ್ಲು. ಬಾಗಿಲುವಾಡ ಮಾತ್ರ ಗುಡಿ ಕಟ್ಟಿದ ಕಾಲದಲ್ಲೇ ದೂರದಿಂದ ಹೊತ್ತು ತಂದ ಕೆಂಪು ಮರಳುಗಲ್ಲು. ಅದು ಮುಟ್ಟಿದರೆ ಉದುರುತ್ತಿತ್ತು. ಉಳಿಸಲು ಗೊತ್ತಿದ್ದವರು ಒಬ್ಬರೇ, ಕಲಬುರಗಿಯ ಮೋಮಿನಪುರದ ಕಲ್ಲುಕೆಲಸದ ಉಸ್ತಾದರು.

ಬಣ್ಣ

ಬಾಗಿಲಿನ ಎರಡೂ ಬದಿಗೆ ದ್ವಾರಪಾಲಕರಿದ್ದರು. ಪೂಜಾರಿಯ ತಾಯಿ ವರ್ಷ ವರ್ಷವೂ ಅವರಿಗೆ ಎಣ್ಣೆಬಣ್ಣ ಬಳಿಯುತ್ತಿದ್ದಳು. ಒಳಗಿನ ತೇವ ಹೊರಗೆ ಬರಲಾಗದೆ ಕಲ್ಲು ಪದರು ಪದರಾಗಿ ಏಳುತ್ತಿತ್ತು. ಬಣ್ಣ ತೆಗೆಯಲು ಹೋದಾಗ ಆಕೆ ಬಾಗಿಲಿಗೆ ಅಡ್ಡ ಕೂತಳು. ಗಂಡ ಇದ್ದಾಗ ಇಬ್ಬರೂ ಸೇರಿ ಹಚ್ಚಿದ ಬಣ್ಣ, ಕೆರೆಯಬೇಡಿ ಎಂದಳು. ಉಸ್ತಾದರು ಆಕೆಯ ಪಕ್ಕ ನೆಲದ ಮೇಲೆ ಕೂತು, ಕಲ್ಲೂ ಉಸಿರಾಡುತ್ತದೆ, ಬಣ್ಣ ಬಳಿದರೆ ಉಸಿರು ಕಟ್ಟುತ್ತದೆ ಎಂದು ಮೆಲ್ಲಗೆ ತಿಳಿಸಿದರು. ಆಕೆ ಬಹಳ ಹೊತ್ತು ದ್ವಾರಪಾಲಕನ ಮುಖ ನೋಡಿದಳು. ಕಣ್ಣೊರೆಸಿಕೊಂಡು ಎದ್ದು ದಾರಿ ಬಿಟ್ಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಕೇಳಿದಳು:

"ಮುಂದಿನ ವರ್ಷ ಮೂಗು ಒಂದು ಬಿಟ್ಟು ಹಚ್ಚಿದ್ರ ನಡೀತದೇನ್ರಿ?"

ಸಾಹೇಬರ ಮೆಚ್ಚುಗೆ

ಬಲಗಡೆ ಕಂಬದ ಬುಡ ಪೂರ್ತಿ ಹೋಗಿತ್ತು. ಬಾದಾಮಿ ಕಡೆಯಿಂದ ಅದೇ ಬಣ್ಣದ ಕಲ್ಲು ತರಿಸಿದೆವು. ಉಸ್ತಾದರು ಎರಡು ತಿಂಗಳು ಕೂತು ಬಳ್ಳಿ, ಎಲೆ ಸಮೇತ ಹೊಸ ಬುಡ ಕಡೆದು ಕೂಡಿಸಿದರು. ನೋಡಲು ದೊಡ್ಡ ಸಾಹೇಬರೊಬ್ಬರು ಬಂದರು. ನೇರವಾಗಿ ಆ ಹೊಸ ಬುಡದ ಮುಂದೆಯೇ ಕೂತು, ಬಳ್ಳಿಯ ಮೇಲೆ ಕೈಯಾಡಿಸಿ, ಇಂಥ ಕೈ ಈಗೆಲ್ಲಿದೆ, ಆ ಕಾಲದವರ ಜೊತೆಗೇ ಮಣ್ಣಾಯಿತು ಎಂದು ನಿಟ್ಟುಸಿರು ಬಿಟ್ಟರು. ನಾನು ಬಾಯಿ ತೆರೆದೆ. ಉಸ್ತಾದರು ಕಣ್ಣಲ್ಲೇ ಬೇಡವೆಂದರು.

ಜೀಪು ಹೋದ ಮೇಲೆ, ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಉಳಿಯ ಧೂಳು ಒರೆಸುತ್ತಾ ಹೇಳಿದರು: "ನಲವತ್ತು ವರ್ಷದಾಗ ಮೊದಲನೇ ಸಲ ಹೊಗಳ್ಯಾರ, ಬೇಟಿ. ಅದಕ್ಕ ನಾ ಸತ್ತಿರಬೇಕಂದ್ರ, ಇರಲಿ ಬಿಡು."

ಎಕ್ಸ್‌ರೇ

ಮರಳುಗಲ್ಲಿನ ಧೂಳು ಒಳಗೆ ಹೋದರೆ ಹೊರಗೆ ಬರುವುದಿಲ್ಲ. ಆ ಮಳೆಗಾಲದಲ್ಲಿ ಉಸ್ತಾದರಿಗೆ ಗುಡಿಯ ಆರು ಮೆಟ್ಟಿಲು ಹತ್ತಲು ಎರಡು ಸಲ ಕೂರಬೇಕಾಯಿತು. ಕಲಬುರಗಿಯ ಆಸ್ಪತ್ರೆಗೆ ನಾನೇ ಕರೆದೊಯ್ದೆ.

ಈಗ ಅವರು ಉಳಿ ಮುಟ್ಟುವುದಿಲ್ಲ. ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕೆಲಸಗಾರರು ಕಲ್ಲಿಗೆ ನೀರು ಹಾಕದೆ, ಮುಖಕ್ಕೆ ಮಾಸ್ಕ್ ಕಟ್ಟದೆ ಸುತ್ತಿಗೆ ಎತ್ತಿದರೆ ಬೈಯುತ್ತಾರೆ. ಎಡಗಡೆ ಕಂಬದ ಬುಡವನ್ನು ಹಾಗೆ ಬೈದೇ ಮುಗಿಸಿದರು. ಆದರೆ ಆಸ್ಪತ್ರೆಯ ಆ ಬೆಳಿಗ್ಗೆ ಮುಂದೇನು ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. ಎದೆಯ ತುಂಬ ಕಲ್ಲಿನ ಧೂಳು ಕೂತಿದೆ, ತೆಗೆಯುವ ಔಷಧವಿಲ್ಲ, ಇನ್ನು ಹೆಚ್ಚದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದರು. ಎಲ್ಲೆಲ್ಲಿ ಕೆಲಸ ಮಾಡಿದಿರಿ ಎಂದು ಕೇಳಿದರು. ಉಸ್ತಾದರು ಒಂದೊಂದೇ ಗುಡಿ, ಗುಮ್ಮಟ, ಕೋಟೆಯ ಹೆಸರು ಹೇಳುತ್ತಾ ಹೋದರು. ಮಾಸ್ಕ್ ಕಟ್ಟಿಕೊಳ್ಳಿ ಎಂದು ಹಟ ಹಿಡಿಯಬೇಕಾಗಿದ್ದವಳು ನಾನು, ಹಿಡಿದಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಉಸ್ತಾದರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿ, ಡಾಕ್ಟರನ್ನು ಬೇಡಿಕೊಂಡರು:

"ಆ ಫೋಟೋ ಯಾರಿಗೂ ತೋರಸಬ್ಯಾಡ್ರಿ, ಸಾಬ್. ಹಳೇ ಗುಡಿ ಕಲ್ಲು ಕದ್ದು ಮನಿಗೆ ಒಯ್ದವರಿಗೆ ಜೈಲ್ ಅದ."